ಗಿರಿಯ ನೆತ್ತಿ ಬೇಡ, ಬುಡದ ಗಾಡಿದಾರಿ ಸಾಕು

ಮಾನ್ಯ ಸಂಪಾದಕರೇ,

ಚಾರಣಿಗರು, ಬೆಟ್ಟದ ಸೈಕಲ್ ಸವಾರರು ಮತ್ತು ಕುದುರೆ ಸವಾರರು ಒಟ್ಟಿಗೆ ಬಳಸಬಹುದಾದ ದಾರಿಗಳ ಜಾಲವೊಂದು ಚಿಕ್ಕಮಗಳೂರಿನ ಗಿರಿಶ್ರೇಣಿಗೂ ಬೇಕೆಂಬ ಮಾತು ಕೇಳಿಬರುತ್ತಿದೆ. ಇದಕ್ಕೆ ನನ್ನ ವಿರೋಧವಿಲ್ಲ. ವಾರಾಂತ್ಯದಲ್ಲಿ ಗಿರಿಯ ಬುಡದ ಕೈಮರ ಚೆಕ್‌ಪೋಸ್ಟ್‌ನಿಂದ ಮೇಲಕ್ಕೆ ಸಾಲುಗಟ್ಟುವ ಕಾರುಗಳನ್ನು ಕಂಡವರು, ಜನ ಕಾಲ್ನಡಿಗೆಯಲ್ಲೋ ಸೈಕಲ್ಲಿನಲ್ಲೋ ಬರುತ್ತೇವೆಂದರೆ ಬೇಡವೆನ್ನಲಾರರು. ಆದರೆ ಆ ದಾರಿ ಗಿರಿಯ ನೆತ್ತಿಯ ಹುಲ್ಲುಗಾವಲಿನಲ್ಲಿ ಹಾಯಬಾರದು. ಬುಡದಲ್ಲಿ ಈಗಾಗಲೇ ಇರುವ ಗಾಡಿದಾರಿಗಳನ್ನೂ ಒಪ್ಪಿಗೆಯಿತ್ತ ತೋಟಗಳ ರಸ್ತೆಗಳನ್ನೂ ಜೋಡಿಸಿ ಅದನ್ನು ರೂಪಿಸಬೇಕು.

ಕಾರಣ ತಿಳಿಯಲು 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ಸರ್ಪದಾರಿಯನ್ನು ಮಳೆಗಾಲ ಮುಗಿದ ಮೇಲೊಮ್ಮೆ ನೋಡಿದರೆ ಸಾಕು. ಜನ ತುಳಿದು ಹುಲ್ಲು ಸವೆದಲ್ಲಿ ನೀರು ಹರಿದು ಕೊರಕಲಾಗುತ್ತದೆ; ಕೊರಕಲಿನಲ್ಲಿ ಕಾಲಿಡಲಾಗದೆ ಮುಂದೆ ಬಂದವರು ಪಕ್ಕದ ಹುಲ್ಲು ತುಳಿಯುತ್ತಾರೆ; ಹೀಗೆ ಒಂದು ಕಾಲುದಾರಿ ಎರಡಾಗಿ, ಮೂರಾಗಿ ಅಗಲವಾಗುತ್ತ ಹೋಗುತ್ತದೆ. ಬರಿಗಾಲಿಗೂ ಬೂಟಿಗೂ ಸವೆಯುವ ಈ ಮಣ್ಣಿನ ಮೇಲೆ, ಇಳಿಜಾರಿನಲ್ಲಿ ಬ್ರೇಕ್ ಹಿಡಿದ ಸೈಕಲ್ ಗಾಲಿಯೂ ಲಾಳ ಹೊಡೆದ ಗೊರಸೂ ಬಿದ್ದರೆ ಏನಾದೀತೆಂದು ವಿವರಿಸಬೇಕಿಲ್ಲ. ಹುಲ್ಲಿನ ನಡುವಿನ ಕಣಿವೆಗಳಲ್ಲಿರುವ ಶೋಲಾ ಎಂಬ ಒತ್ತಾದ ಕಾಡು ಹಿಡಿದಿಟ್ಟ ನೀರೇ ಕೆಳಗಿನ ಹಳ್ಳಗಳಲ್ಲಿ ಹರಿಯುವುದು.

ಇಂಥ ದಾರಿ ಕಟ್ಟುವವರು ಪಾಲಿಸುವ ಲೆಕ್ಕವೊಂದಿದೆ. ದಾರಿಯ ಏರು ಗುಡ್ಡದ ಇಳಿಜಾರಿನ ಅರ್ಧವನ್ನು ಮೀರಬಾರದು, ಸರಾಸರಿ ಶೇ 10ರ ಆಸುಪಾಸಿನಲ್ಲಿರಬೇಕು. ದಾರಿಯ ಮೈ ಹೊರಮಗ್ಗುಲಿಗೆ ತುಸು ಓರೆಯಾಗಿದ್ದು ನೀರು ಅಡ್ಡಲಾಗಿ ಜಾರಿಹೋಗಬೇಕು. ತೋಟದ ರಸ್ತೆಗೆ ಅಡ್ಡಚರಂಡಿ ತೆಗೆಯುವ, ಗಿಡಗಳ ಸಾಲಿನ ನಡುವೆ ನೀರಿಂಗಿಸುವ ತೊಟ್ಟಿಲುಗುಂಡಿ ಹೊಡೆಯುವ ನಮ್ಮ ಆಳುಗಳಿಗೆ ಇದು ಹೊಸ ವಿದ್ಯೆಯಲ್ಲ. ಗುತ್ತಿಗೆದಾರರ ಜೆಸಿಬಿಗಿಂತ ಅವರ ಹಾರೆ ಗುದ್ದಲಿಯೇ ಈ ಕೆಲಸಕ್ಕೆ ಮೇಲು.

ಮೂರು ಬಗೆಯವರು ಎದುರಾದಾಗ ಯಾರು ಯಾರಿಗೆ ದಾರಿ ಬಿಡಬೇಕೆಂಬ ರೂಢಿಯೂ ಇಂಥ ದಾರಿಗಳಿರುವ ದೇಶಗಳಲ್ಲಿದೆ: ಕುದುರೆಗೆ ಎಲ್ಲರೂ, ನಡೆಯುವವರಿಗೆ ಸೈಕಲ್ಲಿನವರು. ಕುದುರೆ ಬೆದರದಂತೆ ಸೈಕಲ್ ಸವಾರ ಇಳಿದು ನಿಂತು ಮಾತನಾಡಿಸಬೇಕು, ಪಾದಚಾರಿ ಇಳಿಜಾರಿನ ಕೆಳಮಗ್ಗುಲಿಗೆ ಸರಿದು ನಿಲ್ಲಬೇಕು. ನಮ್ಮಲ್ಲಿ ಇದಕ್ಕೆ ಇನ್ನೊಂದು ಸೇರಬೇಕು. ದಾರಿ ಒಣಗಿ ಹದವಾಗುವ ನವೆಂಬರ್‌ನಿಂದ ಜನವರಿಯೇ ಅರೇಬಿಕಾ ಕಾಫಿ ಕೊಯ್ಲಿನ ಕಾಲ. ತಿರುವಿನಲ್ಲಿ ಹಣ್ಣಿನ ಮೂಟೆ ಹೊತ್ತು ಬರುವ ಹೆಣ್ಣಾಳಿಗೆ ಕುದುರೆಯೂ ದಾರಿ ಬಿಡಬೇಕು.

ಕುದುರೆ ಸವಾರಿಗೆ ಮಲೆನಾಡಿನ ಕೆಸರಿಗಿಂತ ಕಡೂರು, ಅರಸೀಕೆರೆ ಕಡೆಯ ಬಯಲುಸೀಮೆಯ ಬಂಡಿದಾರಿಗಳೇ ಹೆಚ್ಚು ಹೊಂದುತ್ತವೆ. ಹಾಗೆಂದು ಕೃಷ್ಣಮೃಗಗಳಿರುವ ಬಾಸೂರು ಅಮೃತಮಹಲ್ ಕಾವಲಿನೊಳಗೆ (ಅಮೃತಮಹಲ್ ತಳಿಯ ದನಗಳ ಹುಲ್ಲುಗಾವಲು) ನುಗ್ಗುವುದು ಸಲ್ಲ. ಮೂಡಿಗೆರೆ, ಬೇಲೂರು, ಆಲೂರು, ಸಕಲೇಶಪುರದ ಕಡೆ ಆನೆಗಳ ಓಡಾಟವಿರುವುದರಿಂದ ಸಂಜೆಯಿಂದ ಬೆಳಗಿನವರೆಗೆ ದಾರಿ ಮುಚ್ಚಿರಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗಂತೂ ಪೂರ್ತಿ ಮುಚ್ಚಬೇಕು. ಮಂಗನ ಕಾಯಿಲೆ ಹರಡುವ ಉಣ್ಣಿ ಹುಳು ಹೆಚ್ಚುವ ಬೇಸಿಗೆಯಲ್ಲಿ ಕೊಪ್ಪ, ನರಸಿಂಹರಾಜಪುರ ಭಾಗದ ಕಾಡಂಚಿಗೆ ಯಾರನ್ನು ಬಿಡಬೇಕೆಂಬುದನ್ನು ಆರೋಗ್ಯ ಇಲಾಖೆಯೇ ನಿರ್ಧರಿಸಲಿ. 2024ರ ಜನವರಿಯಲ್ಲಿ ಕುಮಾರ ಪರ್ವತದಲ್ಲಿ ಜನಜಂಗುಳಿಯಾಗಿ ಚಾರಣವನ್ನೇ ನಿಲ್ಲಿಸಬೇಕಾಗಿ ಬಂದದ್ದನ್ನು ನೆನೆದರೆ, ದಿನಕ್ಕೆ ಇಷ್ಟೇ ಜನ ಎಂಬ ಮಿತಿ ಮೊದಲ ದಿನದಿಂದಲೇ ಜಾರಿಯಲ್ಲಿರಬೇಕು.

ಆದ್ದರಿಂದ ಚಿಕ್ಕಮಗಳೂರು, ಹಾಸನ ಎರಡೂ ಜಿಲ್ಲಾಡಳಿತಗಳು ಅಂದಾಜುಪಟ್ಟಿಗೆ ಕೈಹಾಕುವ ಮುನ್ನ ಅರಣ್ಯ ಇಲಾಖೆ, ಗ್ರಾಮ ಪಂಚಾಯಿತಿ ಮತ್ತು ಬೆಳೆಗಾರರನ್ನು ಒಂದೆಡೆ ಕೂರಿಸಲಿ. ಮೊದಲು ನಾಲ್ಕೈದು ಕಿಲೋಮೀಟರ್ ದಾರಿಯನ್ನಷ್ಟೇ ಸಿದ್ಧಪಡಿಸಿ, ಒಂದು ಮಳೆಗಾಲ ಹಾಗೇ ಬಿಟ್ಟು, ಅಕ್ಟೋಬರ್‌ನಲ್ಲಿ ಅದರ ಸ್ಥಿತಿ ನೋಡಿ ಉಳಿದದ್ದಕ್ಕೆ ಮಂಜೂರಾತಿ ಕೊಡಲಿ.

ಇತಿ,
ಒಬ್ಬ ಕಾಫಿ ಬೆಳೆಗಾರ
ಆಲ್ದೂರು, ಚಿಕ್ಕಮಗಳೂರು ಜಿಲ್ಲೆ