ಮೂರೂರುಗಳ ಇತಿಹಾಸವನ್ನು ಒಂದೇ ದಿನದಲ್ಲಿ ಮುಗಿಸಬೇಡಿ

ಮಾನ್ಯ ಸಂಪಾದಕರೇ,

ದಸರೆಯ ರಜೆ ಹತ್ತಿರ ಬಂದಿದೆ. ಅದರ ಬೆನ್ನಿಗೇ ಶಾಲೆಗಳ ಶೈಕ್ಷಣಿಕ ಪ್ರವಾಸಗಳು ಶುರುವಾಗುತ್ತವೆ. ರಜೆಯೆಂದರೆ ಸಮುದ್ರತೀರ, ಜಲಪಾತಗಳಷ್ಟೇ ಅಲ್ಲವೆಂದು ತಿಳಿದು, ಇತಿಹಾಸ, ಶಿಲ್ಪ, ಕಲೆಗಳಿಗಾಗಿಯೇ ನಮ್ಮ ಬಾಗಲಕೋಟೆ ಜಿಲ್ಲೆಯನ್ನು ಆರಿಸಿಕೊಳ್ಳುವ ಕುಟುಂಬಗಳನ್ನೂ ಶಾಲೆಗಳನ್ನೂ ಕಂಡಾಗ ನನಗೆ ನಿಜಕ್ಕೂ ಸಂತೋಷವಾಗುತ್ತದೆ. ಆದರೆ ಹೀಗೆ ಬಂದವರಲ್ಲಿ ಬಹಳಷ್ಟು ಜನ ಬೆಳಿಗ್ಗೆ ಬಾದಾಮಿ, ಮಧ್ಯಾಹ್ನ ಪಟ್ಟದಕಲ್ಲು, ಇಳಿಹೊತ್ತಿಗೆ ಐಹೊಳೆ ಎಂದು ಎಲ್ಲವನ್ನೂ ಒಂದೇ ದಿನದಲ್ಲಿ ಮುಗಿಸಿ, ಕತ್ತಲಾಗುವುದರೊಳಗೆ ಹಂಪಿಯ ಅಥವಾ ವಿಜಯಪುರದ ದಾರಿ ಹಿಡಿಯುತ್ತಾರೆ. ಈ ರೂಢಿ ಬದಲಾಗಬೇಕೆಂದು ಕೋರುವುದಕ್ಕಾಗಿ ಈ ಪತ್ರ ಬರೆಯುತ್ತಿದ್ದೇನೆ.

ಬಾದಾಮಿಯಿಂದ ಪಟ್ಟದಕಲ್ಲಿಗೆ ಸುಮಾರು 22 ಕಿ.ಮೀ.; ಅಲ್ಲಿಂದ ಐಹೊಳೆ ಇನ್ನೂ ಹತ್ತಿರ. ದಾರಿ ಇಷ್ಟು ಸಣ್ಣದಾಗಿರುವುದರಿಂದಲೇ ಮೂರೂರನ್ನೂ ಒಂದೇ ದಿನಕ್ಕೆ ಕಟ್ಟಿಹಾಕುವ ಯೋಚನೆ ಹುಟ್ಟಿರಬೇಕು. ಹೊತ್ತು ಸಾಲದೆ ಹೋದಾಗ ಮೊದಲು ಕೈಬಿಡುವುದು ಹತ್ತಿ ಹೋಗಬೇಕಾದ, ನಡೆದು ಹೋಗಬೇಕಾದ ಜಾಗಗಳನ್ನು. ದುರ್ದೈವವೆಂದರೆ, ಈ ಮೂರೂರುಗಳ ಇತಿಹಾಸವನ್ನು ಒಂದಕ್ಕೊಂದು ಜೋಡಿಸುವ ಸಾಕ್ಷ್ಯಗಳು ಇರುವುದೂ ಅಂಥ ಜಾಗಗಳಲ್ಲೇ.

ಐಹೊಳೆಯಲ್ಲಿ ದುರ್ಗ ದೇವಾಲಯದ ಗಜಪೃಷ್ಠ (ಆನೆಯ ಬೆನ್ನಿನಂಥ) ಆಕಾರವನ್ನೂ ಲಾಡ್‌ಖಾನ್ ಗುಡಿಯನ್ನೂ ಎಲ್ಲರೂ ನೋಡುತ್ತಾರೆ. ಗುಡ್ಡದ ಮೇಲಿನ ಮೇಗುತಿ ಜಿನಾಲಯಕ್ಕೆ ಮೆಟ್ಟಿಲು ಹತ್ತುವವರು ಕಡಿಮೆ. ಬಾದಾಮಿ ಚಾಲುಕ್ಯರ ದೊರೆ ಇಮ್ಮಡಿ ಪುಲಕೇಶಿಯು ಹರ್ಷವರ್ಧನನನ್ನು ತಡೆದು ನಿಲ್ಲಿಸಿದ ಸಂಗತಿಯನ್ನು ಪಠ್ಯಪುಸ್ತಕದಲ್ಲಿ ಓದಿದ ಮಗು, ಅದನ್ನು ಹೇಳುವ ರವಿಕೀರ್ತಿಯ 634ರ ಶಾಸನವನ್ನು ಕಣ್ಣಾರೆ ಕಾಣುವುದು ಆ ಜಿನಾಲಯದ ಹೊರಗೋಡೆಯಲ್ಲಿ. ಕಾಳಿದಾಸ ಮತ್ತು ಭಾರವಿಯರ ಹೆಸರುಗಳೂ ಅದರಲ್ಲಿವೆ. ಸಂಸ್ಕೃತ ಸಾಹಿತ್ಯದ ಕಾಲನಿರ್ಣಯಕ್ಕೆ ಆಧಾರವಾಗಿರುವ ಕಲ್ಲು ನಮ್ಮ ಹುನಗುಂದ ಸೀಮೆಯ ಒಂದು ಗುಡ್ಡದ ಮೇಲಿದೆಯೆಂಬುದು ಮಕ್ಕಳಿಗೆ ಗೊತ್ತಾಗಬೇಡವೇ?

ಆ ಶಾಸನ ಹುಟ್ಟಿ ಹತ್ತು ವರ್ಷವೂ ಕಳೆಯುವ ಮೊದಲೇ, 642ರಲ್ಲಿ, ಕಂಚಿಯ ಪಲ್ಲವರ ನರಸಿಂಹವರ್ಮನು ಚಾಲುಕ್ಯರ ರಾಜಧಾನಿ ಬಾದಾಮಿಯನ್ನು ಗೆದ್ದುಕೊಂಡ. ಅವನ ಶಾಸನವೂ ಬಾದಾಮಿಯ ಬಂಡೆಯ ಮೇಲಿದೆ. ಚಾಲುಕ್ಯ ಮಂಗಳೇಶನ 578ರ ಶಾಸನವಿರುವ ಮೂರನೆಯ ಗುಹೆಯನ್ನೂ ಮೊದಲನೆಯ ಗುಹೆಯ ಹದಿನೆಂಟು ಕೈಗಳ ನಟರಾಜನನ್ನೂ ನೋಡಿ ಇಳಿದುಬಿಟ್ಟರೆ ಬಾದಾಮಿ ಅರ್ಧವೇ ಉಳಿಯುತ್ತದೆ. ಅಗಸ್ತ್ಯತೀರ್ಥದ ಆಚೆ ದಡದ ವಸ್ತುಸಂಗ್ರಹಾಲಯ, ಉತ್ತರದ ಗುಡ್ಡದ ಶಿವಾಲಯಗಳು, ಭೂತನಾಥ ಗುಡಿ ಇವಕ್ಕೆಲ್ಲ ಇನ್ನೊಂದು ಹೊತ್ತು ಬೇಕೇ ಬೇಕು. ಕಪ್ಪೆ ಅರಭಟ್ಟನ ಶಾಸನವನ್ನಂತೂ ಕನ್ನಡ ಓದಬಲ್ಲ ಯಾರೂ ತಪ್ಪಿಸಿಕೊಳ್ಳಬಾರದು. ‘ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ’ ಎಂಬ ತ್ರಿಪದಿಯನ್ನು ನಾವು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೇವೆ; ಅದನ್ನು ಕೊರೆದ ಬಂಡೆಯ ಎದುರು ನಿಂತು ಓದುವ ಅನುಭವವೇ ಬೇರೆ.

ಇವೆರಡನ್ನೂ ಕಂಡ ಮೇಲೆಯೇ ಪಟ್ಟದಕಲ್ಲಿಗೆ ಹೋಗಬೇಕೆಂದು ನಾನು ಒತ್ತಿ ಹೇಳುತ್ತೇನೆ. ಬಾದಾಮಿ ಪಲ್ಲವರ ವಶವಾದ ಸುಮಾರು ನೂರು ವರ್ಷಗಳ ನಂತರ ಚಾಲುಕ್ಯ ದೊರೆ ಇಮ್ಮಡಿ ವಿಕ್ರಮಾದಿತ್ಯ ಪಲ್ಲವರ ಕಂಚಿಯನ್ನು ಗೆದ್ದ. ಗೆದ್ದವನು ಅಲ್ಲಿನ ಕೈಲಾಸನಾಥ ದೇವಾಲಯವನ್ನು ಕೊಳ್ಳೆ ಹೊಡೆಯದೆ ಅದರ ಸಂಪತ್ತನ್ನು ದೇವರಿಗೇ ಮರಳಿಸಿ, ಆ ಸಂಗತಿಯನ್ನು ಅಲ್ಲಿಯ ಕಂಬದ ಮೇಲೆ ಕನ್ನಡದಲ್ಲಿ ಬರೆಯಿಸಿದ. ಆ ವಿಜಯದ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ್ದೇ ವಿರೂಪಾಕ್ಷ ದೇವಾಲಯ. ಅದರ ರಚನೆಯಲ್ಲಿ ಕಂಚಿಯ ಆ ದೇವಾಲಯದ ಛಾಯೆ ಕಾಣುತ್ತದೆ. ಇನ್ನೊಬ್ಬ ರಾಣಿ ತ್ರೈಲೋಕ್ಯಮಹಾದೇವಿ ಪಕ್ಕದಲ್ಲೇ ಮಲ್ಲಿಕಾರ್ಜುನ ದೇವಾಲಯವನ್ನು ಕಟ್ಟಿಸಿದಳು. ವಿರೂಪಾಕ್ಷವನ್ನು ಕಟ್ಟಿದ ಸೂತ್ರಧಾರಿ, ಅಂದರೆ ಮುಖ್ಯ ಶಿಲ್ಪಿ, ಗುಂಡ ಅನಿವಾರಿತಾಚಾರಿಯ ಹೆಸರನ್ನೂ ಅವನಿಗೆ ಸಂದ ತ್ರಿಭುವನಾಚಾರಿ ಎಂಬ ಬಿರುದನ್ನೂ ಅಲ್ಲಿನ ಶಾಸನ ಇಂದಿಗೂ ಉಳಿಸಿಕೊಂಡಿದೆ. ದಕ್ಷಿಣದ ಶೈಲಿಯ ದ್ರಾವಿಡ ವಿಮಾನ, ಉತ್ತರದ ಶೈಲಿಯ ನಾಗರ ಶಿಖರ ಎರಡೂ ಒಂದೇ ಆವರಣದಲ್ಲಿ ಅಕ್ಕಪಕ್ಕ ನಿಂತಿರುವುದರ ಮಹತ್ವವನ್ನು ಗುರುತಿಸಿ 1987ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಉಳಿದ ಗುಡಿಗಳಿಂದ ತುಸು ದೂರದಲ್ಲಿ, ದಕ್ಷಿಣಕ್ಕಿರುವ ಪಾಪನಾಥ ದೇವಾಲಯದ ಹೊರಗೋಡೆಯಲ್ಲಿ ರಾಮಾಯಣದ ಶಿಲ್ಪಗಳಿದ್ದು, ಪಾತ್ರಗಳ ಹೆಸರುಗಳನ್ನೂ ಅಲ್ಲಿಯೇ ಕೊರೆಯಲಾಗಿದೆ. ಬಸ್ಸಿನ ಹಾರ್ನ್ ಕೇಳಿ ಹಿಂದಿರುಗುವ ಮಕ್ಕಳು ಅಲ್ಲಿಯವರೆಗೆ ಹೋಗುವುದೇ ಇಲ್ಲ.

ಕಲ್ಲಿನ ಕಲೆಯ ಜೊತೆಗೆ ಈಗಲೂ ಉಸಿರಾಡುತ್ತಿರುವ ಕಲೆಯೂ ಇಲ್ಲಿದೆ. ನಮ್ಮ ಗುಳೇದಗುಡ್ಡದಲ್ಲಿ ಖಣ (ಕುಪ್ಪಸದ ಬಟ್ಟೆ) ನೇಯುವ ಮಗ್ಗಗಳಿವೆ. ಇಳಕಲ್ಲಿನಲ್ಲಿ ಸೀರೆಯ ಒಡಲಿನ ಹಾಸಿಗೂ (ಉದ್ದದ ಎಳೆಗಳಿಗೂ) ಸೆರಗಿನ ಹಾಸಿಗೂ ಕೊಂಡಿ ಹಾಕಿ ಟೋಪ್ ತೆನಿ ಸೆರಗು ನೇಯುತ್ತಾರೆ. ಒಂದು ರಾತ್ರಿ ಉಳಿದವರಿಗೆ ಮಾತ್ರ ಮರುದಿನ ನೇಕಾರರ ಮನೆಯ ಬಾಗಿಲಿಗೆ ಹೋಗಿ, ಅವರ ಒಪ್ಪಿಗೆ ಪಡೆದು, ಮಗ್ಗದ ಪಕ್ಕ ಕೂತು ನೋಡಲು ಸಾಧ್ಯ. ಬನದ ಹುಣ್ಣಿಮೆಯ ಸಮಯಕ್ಕೆ ಬರುವವರು ಬನಶಂಕರಿ ಜಾತ್ರೆಯಲ್ಲಿ ವೃತ್ತಿ ಕಂಪನಿಗಳ ನಾಟಕವನ್ನೂ ನೋಡಬಹುದು. ಇದನ್ನು ನೋಡದೆ ಉತ್ತರ ಕರ್ನಾಟಕದ ಸಂಸ್ಕೃತಿ ಕಂಡೆವೆಂದು ಹೇಳುವುದು ಕಷ್ಟ.

ವಿಜಯಪುರಕ್ಕೂ ಇದೇ ಮಾತು ಅನ್ವಯಿಸುತ್ತದೆ. ಗೋಳಗುಮ್ಮಟದಲ್ಲಿ ಕೂಗಿ, ಪ್ರತಿಧ್ವನಿ ಕೇಳಿ ಹೊರಟುಬಿಡುವವರು ಇಬ್ರಾಹಿಂ ರೋಜಾದ ಕಿಟಕಿಗಳಲ್ಲಿ ಅಕ್ಷರಗಳನ್ನೇ ಜಾಲಂಧ್ರವಾಗಿ (ಕಲ್ಲಿನ ಜಾಲರಿಯಾಗಿ) ಕೊರೆದಿರುವುದನ್ನು ಕಾಣುವುದಿಲ್ಲ. ಅಲ್ಲಿ ಮಲಗಿರುವ ಇಮ್ಮಡಿ ಇಬ್ರಾಹಿಂ ಆದಿಲ್ ಶಾ ಸರಸ್ವತಿಯನ್ನೂ ಗಣಪತಿಯನ್ನೂ ಸ್ತುತಿಸಿ ಹಾಡು ರಚಿಸಿದ ದೊರೆ. ಆ ನಗರಕ್ಕೆ ಪ್ರತ್ಯೇಕವಾಗಿ ಎರಡು ದಿನ ಇಡುವುದು ಒಳ್ಳೆಯದು.

ಆದ್ದರಿಂದ ಶಾಲೆಗಳ ಮುಖ್ಯೋಪಾಧ್ಯಾಯರಲ್ಲಿ ನನ್ನ ವಿನಂತಿ ಇಷ್ಟೇ: ಒಂದೇ ಪ್ರವಾಸದಲ್ಲಿ ನಾಲ್ಕು ಜಿಲ್ಲೆ ಸುತ್ತಿಸುವ ಬದಲು ಐಹೊಳೆ, ಬಾದಾಮಿ, ಪಟ್ಟದಕಲ್ಲು ಎಂಬ ಕ್ರಮದಲ್ಲಿ ದಿನಕ್ಕೊಂದು ಊರನ್ನಿಟ್ಟುಕೊಳ್ಳಿ. ಪುರಾತತ್ವ ಇಲಾಖೆಯ ಸ್ಮಾರಕಗಳಿಗೆ 15 ವರ್ಷದೊಳಗಿನ ಮಕ್ಕಳಿಗೆ ಪ್ರವೇಶ ಶುಲ್ಕವಿಲ್ಲ. ಹಾಗಾಗಿ ಹೆಚ್ಚುವರಿ ಖರ್ಚು ಊಟ, ವಸತಿಗಳದ್ದು ಮಾತ್ರ. ರಜೆಯಲ್ಲಿ ಖಾಲಿಯಿರುವ ಸರ್ಕಾರಿ ವಿದ್ಯಾರ್ಥಿನಿಲಯಗಳನ್ನು ಹೊರಜಿಲ್ಲೆಯ ಮಕ್ಕಳ ವಾಸ್ತವ್ಯಕ್ಕೆ ಕೊಡುವ ಬಗ್ಗೆ ಜಿಲ್ಲಾಡಳಿತವೂ, ಮೂರೂರುಗಳ ನಡುವೆ ಬೆಳಿಗ್ಗೆ ಮತ್ತು ಸಂಜೆ ಹೊಂದಿಕೆಯಾಗುವ ಬಸ್ಸುಗಳ ಬಗ್ಗೆ ಸಾರಿಗೆ ಸಂಸ್ಥೆಯೂ ಈ ರಜೆಯ ಮುನ್ನವೇ ಯೋಚಿಸಬೇಕು. ದಿನ ಗೊತ್ತುಮಾಡುವಾಗ ಇನ್ನೊಂದನ್ನು ಗಮನದಲ್ಲಿಡಿ: ಬಾದಾಮಿ ಮತ್ತು ಐಹೊಳೆಯ ವಸ್ತುಸಂಗ್ರಹಾಲಯಗಳಿಗೆ ಶುಕ್ರವಾರ ರಜೆ, ಪಟ್ಟದಕಲ್ಲನ್ನು ಆ ದಿನಕ್ಕೆ ಇಟ್ಟುಕೊಂಡರೆ ಯಾವುದೂ ತಪ್ಪುವುದಿಲ್ಲ.

ಇಂತಿ,
ನಿವೃತ್ತ ಪ್ರೌಢಶಾಲಾ ಶಿಕ್ಷಕಿ,
ಗುಳೇದಗುಡ್ಡ, ಬಾಗಲಕೋಟೆ ಜಿಲ್ಲೆ