ಮಂಡಕ್ಕಿ ಭಟ್ಟಿಗೂ ಮನೆ ದರದ ಗ್ಯಾಸ್ ಕೊಡಿಸಿ: ದಾವಣಗೆರೆ ಸಂಸದರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಂಸದರೇ, ನಮಸ್ಕಾರ.

ನಾನು ದಾವಣಗೆರೆಯ ಮಂಡಕ್ಕಿ ಭಟ್ಟಿ ಮನೆಯವಳು. ಅಪ್ಪ ಮೂವತ್ತು ವರ್ಷ ಒಲೆ ಮುಂದೆ ಕೂತರು. ಈಗ ಅಣ್ಣ ಕೂರುತ್ತಾನೆ. ಬೆಳಗಿನ ಜಾವ ನಾಲ್ಕಕ್ಕೆ ಒಲೆ ಹತ್ತಬೇಕು. ಒಂದು ಕಡೆ ಭತ್ತದ ಉಮಿ ಸುರಿಯುತ್ತಲೇ ಇರಬೇಕು, ಇನ್ನೊಂದು ಕಡೆ ಕಾದ ಮರಳಿನಲ್ಲಿ ಅಕ್ಕಿ ಆಡಿಸಬೇಕು. ಅಕ್ಕಿ ಅರಳೋದಕ್ಕೆ ಕೆಲವೇ ಸೆಕೆಂಡು ಸಾಕು. ಕಾವು ಇಳಿದರೆ ಗಟ್ಟಿ ಕಾಳು ಉಳಿಯುತ್ತದೆ, ಜಾಸ್ತಿಯಾದರೆ ಸೀದು ಹೋಗುತ್ತದೆ. ಅಮ್ಮ ಬೆಳಿಗ್ಗೆ ಒಣಹಾಕಿದ ಪಂಚೆ ಸಂಜೆಗೆ ಬೂದಿ ಬಣ್ಣ. ಅಪ್ಪನ ಕೆಮ್ಮು ರಾತ್ರಿಯೆಲ್ಲ ಕೇಳಿಸುತ್ತದೆ.

ಮಹಾರಾಷ್ಟ್ರದ ದಾಭೋಲ್‌ನಿಂದ ಬೆಂಗಳೂರಿಗೆ ಹೋಗುವ ಗ್ಯಾಸ್ ಪೈಪ್‌ಲೈನ್ 2013ರಲ್ಲಿ ಶುರುವಾಯಿತು. ಅದು ನಮ್ಮ ಜಿಲ್ಲೆ, ಪಕ್ಕದ ಚಿತ್ರದುರ್ಗ ಎರಡನ್ನೂ ಹಾದು ಹೋಗುತ್ತದೆ. 2018ರಲ್ಲಿ ಈ ಎರಡೂ ಜಿಲ್ಲೆಗಳನ್ನು ಒಟ್ಟು ಸೇರಿಸಿ, ಮನೆಮನೆಗೆ ಗ್ಯಾಸ್ ಕೊಡುವ ಯೋಜನೆಗೆ ಆರಿಸಿದರು. ದೇಶದಲ್ಲಿ ಬಳಸುವ ಒಟ್ಟು ಇಂಧನದಲ್ಲಿ ನೈಸರ್ಗಿಕ ಅನಿಲದ ಪಾಲು ಈಗ ಶೇ 6ರ ಆಸುಪಾಸು. ಅದನ್ನು 2030ರ ಹೊತ್ತಿಗೆ ಶೇ 15ಕ್ಕೆ ಏರಿಸುವುದು ಕೇಂದ್ರದ ಗುರಿ. ಹಾಗಾದರೆ ಉಮಿ ಸುಡುವ ನಮ್ಮಂಥ ಒಲೆಗಳೂ ಬದಲಾಗಬೇಕು, ಅಲ್ವಾ?

ತೊಡಕಿರುವುದು ಬೆಲೆಯಲ್ಲಿ. ದೇಶಕ್ಕೆ ಬೇಕಾದ ಗ್ಯಾಸಿನಲ್ಲಿ ಸುಮಾರು ಅರ್ಧ ಹಡಗಿನಲ್ಲಿ ಬರುತ್ತದೆ. ಮೈನಸ್ 162 ಡಿಗ್ರಿಗೆ ತಂಪು ಮಾಡಿ, ದ್ರವ ಮಾಡಿ ತರುತ್ತಾರೆ. ಅದು ದುಬಾರಿ. ನಮ್ಮದೇ ಹಳೆಯ ಬಾವಿಗಳ ಗ್ಯಾಸಿಗೆ 2023ರ ಏಪ್ರಿಲ್‌ನಿಂದ ಕಚ್ಚಾ ತೈಲದ ಬೆಲೆಯ ಶೇ 10ರ ಲೆಕ್ಕವಿದೆ, ಅದಕ್ಕೆ ಮೇಲ್ಮಿತಿಯೂ ಇದೆ. ಆದರೆ ಆ ಅಗ್ಗದ ಗ್ಯಾಸಿನಲ್ಲಿ ನಗರದ ಗ್ಯಾಸ್ ಜಾಲಕ್ಕೆ ಬರುವ ಪಾಲು ಮೊದಲು ಮನೆ ಅಡುಗೆಗೆ, ಸಿಎನ್‌ಜಿ ಗಾಡಿಗಳಿಗೆ. ಭಟ್ಟಿ ಹೋಗಿ ಸೇರುವುದು ಕಾರ್ಖಾನೆಗಳ ಸಾಲಿಗೆ. ನಾಲ್ಕು ಜನ ಬೆವರು ಸುರಿಸುವ ಒಲೆಗೂ ದೊಡ್ಡ ಫ್ಯಾಕ್ಟರಿಗೂ ಒಂದೇ ಪಟ್ಟಿ ಅಂದರೆ ಹೇಗೆ? ಜೊತೆಗೆ ನೈಸರ್ಗಿಕ ಅನಿಲ ಇನ್ನೂ ಜಿಎಸ್‌ಟಿಯಿಂದ ಹೊರಗಿದೆ, ರಾಜ್ಯದ ತೆರಿಗೆ ಬೇರೆ ಬೀಳುತ್ತದೆ. ಉಮಿ ಅಕ್ಕಿ ಗಿರಣಿಯಲ್ಲೇ ಅಗ್ಗಕ್ಕೆ ಸಿಗುವಾಗ ಬರೀ ಪೈಪ್ ಎಳೆದುಕೊಟ್ಟರೆ ಯಾರೂ ಒಲೆ ಬದಲಿಸುವುದಿಲ್ಲ. ನಮ್ಮಣ್ಣನೂ ಬದಲಿಸುವುದಿಲ್ಲ. ಅವನನ್ನು ದೂರಲಾರೆ.

ಆದ್ದರಿಂದ ಸಂಸತ್ತಿನಲ್ಲಿ ಪೆಟ್ರೋಲಿಯಂ ಸಚಿವರನ್ನು ಕೇಳಿ: ಮಂಡಕ್ಕಿಯಂಥ ಸಣ್ಣ ಭಟ್ಟಿಗಳನ್ನು ಮನೆ ಅಡುಗೆಯ ಪಟ್ಟಿಗೆ ಸೇರಿಸಲು ಆಗುತ್ತದೆಯೇ? ಪೂರ್ತಿ ಆಗದಿದ್ದರೆ ಮೊದಲ ಐದು ವರ್ಷಕ್ಕಾದರೂ ಆ ದರ ಕೊಡಲಿ. ಉಮಿ ಒಲೆಯ ಜಾಗಕ್ಕೆ ಮರಳು ಸಮನಾಗಿ ಕಾಯಿಸುವ ಬರ್ನರ್ ಬೇಕು. ಮೈಸೂರಿನ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐಯ ವಿಜ್ಞಾನಿಗಳಿಗೆ ಅದನ್ನು ಮಾಡಿಕೊಡಲು ಹೇಳಿಸಿ.

ಇನ್ನೊಂದು ಮಾತು. ಸಿಲಿಂಡರ್ ಗ್ಯಾಸ್ ಸೋರಿದರೆ ನೆಲದ ಮೇಲೆ ಹರಡುತ್ತದೆ, ಪೈಪಿನ ಗ್ಯಾಸ್ ಹಗುರ, ಮೇಲಕ್ಕೆ ಏರುತ್ತದೆ. ನಮ್ಮ ಭಟ್ಟಿಗಳ ಶೀಟಿನ ಮಾಡು ತಗ್ಗು, ಮೇಲೆ ಗಾಳಿಕಿಂಡಿ ಇಲ್ಲ. ಲೈನ್ ಕೊಡುವ ಮೊದಲೇ ಗಾಳಿಕಿಂಡಿ ಮಾಡಿಸಬೇಕು, ಕೆಲಸಗಾರರಿಗೆ ಕನ್ನಡದಲ್ಲೇ ಕೂತು ಹೇಳಿಕೊಡಬೇಕು.

ಮುಂದಿನ ಅಧಿವೇಶನದಲ್ಲಿ ಈ ಪ್ರಶ್ನೆ ಕೇಳುತ್ತೀರಿ ಎಂದು ಕಾಯುತ್ತಿರುತ್ತೇನೆ. ಬಂದ ಉತ್ತರವನ್ನು ನಾನೇ ಭಟ್ಟಿ ಭಟ್ಟಿಗೆ ಹೋಗಿ ಓದಿ ಹೇಳುತ್ತೇನೆ.

ಇಂತಿ,
ದಾವಣಗೆರೆಯ ಒಬ್ಬ ಭಟ್ಟಿ ಮನೆ ಮಗಳು