‘ಏಜೆನ್ಸೀಸ್’ ಅಂದರೆ ಯಾರು, ಅದನ್ನೂ ಹೇಳಿ

ಮಾನ್ಯ ಸಂಪಾದಕರೇ,

ನಾನು ಪೇಪರ್ ಓದಲು ಶುರು ಮಾಡುವುದೇ ವಿದೇಶ ಪುಟದಿಂದ. ಅಲ್ಲಿ ಪ್ರತಿ ಸುದ್ದಿಯ ತಲೆಯಲ್ಲಿ ಊರಿನ ಹೆಸರು, ಪಕ್ಕದಲ್ಲೇ ಕಂಸದೊಳಗೆ ಎಎಫ್‌ಪಿ, ರಾಯಿಟರ್ಸ್, ಎಪಿ ಅಂತ ಸುದ್ದಿ ಕಳಿಸಿದ ಸಂಸ್ಥೆಯ ಹೆಸರು. ಕೆಲವು ದಿನ ಬರೀ ‘ಏಜೆನ್ಸೀಸ್’. ಒಳಗೆ ಹೋದರೆ ‘ಸರ್ಕಾರಿ ಟಿವಿ ವರದಿ ಮಾಡಿದೆ’, ‘ಕ್ಸಿನ್ಹುವಾ ತಿಳಿಸಿದೆ’, ‘ಅಲ್ ಜಜೀರಾ ಹೇಳಿದೆ’. ಎಲ್ಲವಕ್ಕೂ ಒಂದೇ ತೂಕ. ಎಷ್ಟೋ ವರ್ಷ ನಾನೂ ಹಾಗೇ ಓದಿಕೊಂಡು ಬಂದೆ. ಒಮ್ಮೆ ಯುದ್ಧದ ಸುದ್ದಿಯೊಂದನ್ನು ಯಾವುದೋ ವಿದೇಶಿ ಚಾನೆಲ್‌ನಲ್ಲಿ ನೋಡಿ, ನಂಬಿ, ಗುರುತಿನವರಿಗೆಲ್ಲ ಕಳಿಸಿದೆ. ಯುದ್ಧ ಮಾಡುತ್ತಿದ್ದ ಸರ್ಕಾರದ ದುಡ್ಡಿನಲ್ಲೇ ಆ ಚಾನೆಲ್ ನಡೆಯುತ್ತದೆ ಅಂತ ಆಮೇಲೆ ಗೊತ್ತಾಯಿತು. ತುಂಬಾ ಬೇಜಾರಾಯಿತು. ಅವತ್ತಿನಿಂದ ಸುದ್ದಿ ಏನು ಅನ್ನುವುದಕ್ಕೆ ಮೊದಲು ಹೇಳುತ್ತಿರುವವರು ಯಾರು ಅಂತ ನೋಡುತ್ತೇನೆ.

ಹಾಗಾಗಿ ನೀವು ದೇಶ ದೇಶಗಳ ದೊಡ್ಡ ಸುದ್ದಿ ಸಂಸ್ಥೆಗಳ ಪರಿಚಯ ಹಾಕಲು ಶುರು ಮಾಡಿದ್ದು ನನಗೆ ನಿಜಕ್ಕೂ ಖುಷಿ ಕೊಟ್ಟಿತು. ಒಂದೊಂದನ್ನೂ ಕತ್ತರಿಸಿ ಇಟ್ಟುಕೊಂಡಿದ್ದೇನೆ. ಆದರೆ ಅವುಗಳಲ್ಲಿ ಇರುವುದು ಏನು? ಶುರುವಾದ ವರ್ಷ, ಕಚೇರಿ ಇರುವ ಊರು, ಎಷ್ಟು ಭಾಷೆ, ಎಷ್ಟು ಪ್ರತಿ. ಅಷ್ಟೇ. ದುಡ್ಡು ಎಲ್ಲಿಂದ ಬರುತ್ತದೆ, ಸಂಪಾದಕರನ್ನು ಮನೆಗೆ ಕಳಿಸುವ ಅಧಿಕಾರ ಯಾರ ಕೈಯಲ್ಲಿದೆ ಅನ್ನುವುದು ಇಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ತನ್ನ ದೇಶದ ಸರ್ಕಾರದ ಜೊತೆ ಆ ಸಂಸ್ಥೆ ಯಾವಾಗ ಜಗಳ ಆಡಿತ್ತು, ಆಮೇಲೆ ಅದಕ್ಕೆ ಏನಾಯಿತು ಅನ್ನುವುದು ಇಲ್ಲ. ನನ್ನ ಪ್ರಕಾರ ಪರಿಚಯ ಶುರುವಾಗಬೇಕಾದ್ದೇ ಆ ಜಗಳದಿಂದ.

ಬಿಬಿಸಿಯನ್ನೇ ತಗೊಳ್ಳಿ. 1922ರಲ್ಲಿ ಕಂಪನಿಯಾಗಿ ಹುಟ್ಟಿತು, 1927ರಲ್ಲಿ ರಾಜಸನ್ನದು (ಸಂಸ್ಥೆ ನಡೆಸಲು ದೊರೆಯ ಹೆಸರಲ್ಲಿ ಕೊಡುವ ಅಧಿಕಾರಪತ್ರ) ಸಿಕ್ಕಿತು ಅನ್ನುವುದು ಎಲ್ಲ ಕಡೆ ಇರುತ್ತದೆ. ಆದರೆ 1956ರಲ್ಲಿ ಸೂಯೆಜ್ ಕಾಲುವೆಗಾಗಿ ಬ್ರಿಟನ್ ಯುದ್ಧಕ್ಕಿಳಿದಾಗ ಪ್ರಧಾನಿ ಆಂಟನಿ ಈಡನ್ ದೇಶವನ್ನು ಉದ್ದೇಶಿಸಿ ಮಾತಾಡಿದರು, ಮರುದಿನವೇ ವಿರೋಧ ಪಕ್ಷದ ಹ್ಯೂ ಗೇಟ್ಸ್‌ಕೆಲ್ ಅವರಿಗೂ ಬಿಬಿಸಿ ಅದೇ ಅವಕಾಶ ಕೊಟ್ಟಿತು, ಅದೂ ಸೈನಿಕರು ಯುದ್ಧಕ್ಕೆ ಹೊರಟಿದ್ದ ಹೊತ್ತಿನಲ್ಲಿ. ಈಡನ್ ಕೆಂಡವಾದರು. 1982ರಲ್ಲಿ ಅರ್ಜೆಂಟೀನಾ ಜೊತೆ ನಡೆದ ಫಾಕ್‌ಲ್ಯಾಂಡ್ ಯುದ್ಧದಲ್ಲಿ ಬಿಬಿಸಿಯವರು ‘ನಮ್ಮ ಪಡೆ’ ಅನ್ನದೆ ‘ಬ್ರಿಟಿಷ್ ಪಡೆ’ ಅಂದರು. ಅದಕ್ಕೂ ಆಗಿನ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಸಿಟ್ಟಾದರು. ಈ ಎರಡು ಘಟನೆ ಓದಿದರೆ ಸಾಕು, ಆ ಸಂಸ್ಥೆ ಯಾವ ಜಾತಿಯದು ಅಂತ ಅಂದಾಜಾಗುತ್ತದೆ. ಅದರ ಜೊತೆಗೆ ಇನ್ನೊಂದು ಮುಖವನ್ನೂ ಹೇಳಬೇಕು. ಬಿಬಿಸಿ ನಡೆಯಲು ಟಿವಿ ಲೈಸೆನ್ಸ್ ಶುಲ್ಕ ಕಟ್ಟುವುದು ಜನ, ನಿಜ. ಆದರೆ ಅದು ಎಷ್ಟು ಅಂತ ತೀರ್ಮಾನ ಮಾಡುವುದು ಸರ್ಕಾರ. ಈಗಿನ ಸನ್ನದು 2027ರ ಕೊನೆಗೆ ಮುಗಿಯುತ್ತದೆ. ಸನ್ನದು ಮುಗಿಯುವ ಹೊತ್ತಿಗೆ ಯಾರ ಕೈ ಮೇಲಾಗುತ್ತದೆ ಅಂತ ನಾನು ಬಿಡಿಸಿ ಹೇಳಬೇಕಿಲ್ಲ ಅಲ್ವಾ.

ಈ ವಿಷಯದಲ್ಲಿ ಜರ್ಮನಿಯವರು ಮಾಡಿಕೊಂಡಿರುವ ಏರ್ಪಾಡು ನನಗೆ ತುಂಬಾ ಇಷ್ಟ. ನಾಜಿಗಳ ಕಾಲದಲ್ಲಿ ರೇಡಿಯೊ ಪೂರ್ತಿ ಸರ್ಕಾರದ ಬಾಯಾಗಿತ್ತು. ಮತ್ತೆ ಹಾಗಾಗಬಾರದು ಅಂತ ಯುದ್ಧದ ನಂತರ ಅದನ್ನು ಪ್ರಾಂತ್ಯ ಪ್ರಾಂತ್ಯಕ್ಕೆ ಹಂಚಿಬಿಟ್ಟರು. ಆ ಪ್ರಾಂತೀಯ ಕೇಂದ್ರಗಳು 1950ರಲ್ಲಿ ಕೂಡಿಕೊಂಡು ಕಟ್ಟಿದ್ದೇ ಎಆರ್‌ಡಿ. ಟಿವಿ ಇರಲಿ ಬಿಡಲಿ, ಪ್ರತಿ ಮನೆಯೂ ತಿಂಗಳಿಗೆ ಶುಲ್ಕ ಕಟ್ಟಬೇಕು. ಎಷ್ಟು ಬೇಕು ಅಂತ ಲೆಕ್ಕ ಹಾಕುವುದು ಒಂದು ಸ್ವತಂತ್ರ ಆಯೋಗ. ಆ ಆಯೋಗ 17.50 ಯೂರೊ ಇದ್ದದ್ದನ್ನು 18.36 ಮಾಡಿ ಅಂತ ಹೇಳಿದಾಗ, 2020ರ ಡಿಸೆಂಬರ್‌ನಲ್ಲಿ ಸ್ಯಾಕ್ಸನಿ-ಆನ್‌ಹಾಲ್ಟ್ ಅನ್ನುವ ಒಂದೇ ಒಂದು ರಾಜ್ಯ ಒಪ್ಪಲಿಲ್ಲ, ಎಲ್ಲ 16 ರಾಜ್ಯಗಳೂ ಒಪ್ಪಬೇಕು ಅನ್ನುವ ನಿಯಮ ಇದ್ದದ್ದರಿಂದ ಇಡೀ ದೇಶದಲ್ಲಿ ಏರಿಕೆ ನಿಂತುಹೋಯಿತು. ಬರೀ 86 ಸೆಂಟ್‌ಗೆ! ವಿಷಯ ಸಂವಿಧಾನ ನ್ಯಾಯಾಲಯಕ್ಕೆ ಹೋಯಿತು. 2021ರಲ್ಲಿ ನ್ಯಾಯಾಲಯ ಪ್ರಸಾರ ಸಂಸ್ಥೆಗಳ ಪರ ನಿಂತಿತು. ದುಡ್ಡು ಹಿಡಿದಿಡುವುದೂ ಬಾಯಿ ಮುಚ್ಚಿಸುವ ಒಂದು ದಾರಿ ಅಂತ ಅಲ್ಲಿನವರಿಗೆ ಅನುಭವದಿಂದ ಗೊತ್ತಿದೆ. ಜಪಾನಿನ ಎನ್‌ಎಚ್‌ಕೆ ಕೂಡ ವೀಕ್ಷಕರ ಶುಲ್ಕದಿಂದಲೇ ನಡೆಯುತ್ತದೆ, ಆದರೆ ಅದರ ಬಜೆಟ್ಟಿಗೆ ಪ್ರತಿ ವರ್ಷ ಸಂಸತ್ತು ಒಪ್ಪಿಗೆ ಕೊಡಬೇಕು. ಎರಡೂ ‘ಸಾರ್ವಜನಿಕ ಪ್ರಸಾರ ಸಂಸ್ಥೆ’ಗಳೇ. ಆ ಒಂದು ಪದದಿಂದ ಈ ವ್ಯತ್ಯಾಸ ಕಾಣುವುದೇ ಇಲ್ಲ.

ಈಗ ಕ್ಸಿನ್ಹುವಾ. 1931ರಲ್ಲಿ ಚೀನಾದ ಕಮ್ಯುನಿಸ್ಟ್ ಪಕ್ಷ ಕಟ್ಟಿದ್ದು. ಈಗ ಅಲ್ಲಿನ ಸರ್ಕಾರದ ಅಂಗವೇ, ಅದರ ಮುಖ್ಯಸ್ಥರಿಗೆ ಮಂತ್ರಿಯ ಸ್ಥಾನಮಾನ. ಅದರ ವರದಿಗಾರರು ಬರೆಯುವುದೆಲ್ಲ ಜನರಿಗೆ ಸಿಗುವುದಿಲ್ಲ. ಅಧಿಕಾರಿಗಳು ಮಾತ್ರ ಓದಬಹುದಾದ ಒಳವರದಿಗಳು ಬೇರೆಯೇ ಇರುತ್ತವೆ. ಹಾಗಂತ ಅದರ ಸುದ್ದಿ ಬೇಡ ಅಂತ ನಾನು ಹೇಳುತ್ತಿಲ್ಲ. ಬೀಜಿಂಗ್ ಏನು ಹೇಳಲು ಬಯಸುತ್ತದೆ ಅಂತ ತಿಳಿಯಲು ಅದಕ್ಕಿಂತ ಸರಿಯಾದ ಜಾಗ ಇನ್ನೊಂದಿಲ್ಲ. ಆದರೆ ‘ಕ್ಸಿನ್ಹುವಾ ವರದಿ ಮಾಡಿದೆ’ ಅನ್ನುವುದಕ್ಕೂ ‘ಎಪಿ ವರದಿ ಮಾಡಿದೆ’ ಅನ್ನುವುದಕ್ಕೂ ಆಕಾಶ ಭೂಮಿಯ ಅಂತರ ಇದೆ. ಎಪಿ 1846ರಲ್ಲಿ ನ್ಯೂಯಾರ್ಕಿನ ಪತ್ರಿಕೆಗಳು ಖರ್ಚು ಹಂಚಿಕೊಳ್ಳೋಣ ಅಂತ ಕಟ್ಟಿದ ಸಹಕಾರಿ ಸಂಸ್ಥೆ. 2025ರ ಫೆಬ್ರವರಿಯಲ್ಲಿ ಮೆಕ್ಸಿಕೊ ಕೊಲ್ಲಿಯನ್ನು ‘ಅಮೆರಿಕ ಕೊಲ್ಲಿ’ ಅಂತ ಬರೆಯಲು ಒಪ್ಪದ್ದಕ್ಕೆ ಶ್ವೇತಭವನ ಅದರ ವರದಿಗಾರರನ್ನು ಬಾಗಿಲಲ್ಲೇ ತಡೆಯಿತು, ಎಪಿ ಕೋರ್ಟಿಗೆ ಹೋಯಿತು. ಕ್ಸಿನ್ಹುವಾ ಬೀಜಿಂಗ್ ಸರ್ಕಾರದ ಮೇಲೆ ಕೋರ್ಟಿಗೆ ಹೋಗುವುದನ್ನು ಊಹಿಸಲು ಆಗುತ್ತದಾ?

ಅಲ್ ಜಜೀರಾದ ಪರಿಚಯ ಬರೆಯುವುದು ಇನ್ನೂ ಕಷ್ಟ, ಅದಕ್ಕೇ ಅದನ್ನು ಚೆನ್ನಾಗಿ ಬರೆಯಬೇಕು. 1996ರಲ್ಲಿ ಕತಾರ್ ಸರ್ಕಾರದ ದುಡ್ಡಿನಲ್ಲಿ ದೋಹಾದಲ್ಲಿ ಶುರುವಾಯಿತು. ಅದೇ ವರ್ಷ ಬಿಬಿಸಿಯ ಅರಬ್ಬಿ ಟಿವಿ ಚಾನೆಲ್ ಮುಚ್ಚಿತ್ತು, ಕೆಲಸ ಹೋದವರಲ್ಲಿ ಬಹಳ ಜನ ಇಲ್ಲಿಗೆ ಬಂದರು. ದೊರೆಗಳ ಭೇಟಿ ಸಮಾರಂಭಗಳನ್ನು ಬಿಟ್ಟು ಬೇರೇನೂ ಕಾಣದಿದ್ದ ಅರಬ್ ಟಿವಿಯಲ್ಲಿ ಮೊದಲ ಸಲ ಎದುರಾಬದುರು ಕೂತು ಜೋರಾಗಿ ವಾದ ಮಾಡುವವರು ಕಾಣಿಸಿಕೊಂಡರು, ಇಸ್ರೇಲಿನ ವಕ್ತಾರರು ಕೂಡ ಬಂದು ಮಾತಾಡಿದರು. ಅಕ್ಕಪಕ್ಕದ ಅರಸರಿಗೆ ಇದು ಎಷ್ಟು ಚುಚ್ಚಿತು ಅಂದರೆ 2017ರಲ್ಲಿ ಸೌದಿ ಅರೇಬಿಯಾ, ಯುಎಇ, ಬಹ್ರೇನ್, ಈಜಿಪ್ಟ್ ಸೇರಿ ಕತಾರನ್ನು ದಿಗ್ಬಂಧನ ಮಾಡಿದಾಗ ಇಟ್ಟ 13 ಬೇಡಿಕೆಗಳಲ್ಲಿ ಈ ಚಾನೆಲ್ ಮುಚ್ಚಬೇಕು ಅನ್ನುವುದೂ ಒಂದಾಗಿತ್ತು. ಇಷ್ಟು ಧೈರ್ಯದ ಚಾನೆಲ್ ತನ್ನ ಮನೆ ಯಜಮಾನರ ವಿಷಯಕ್ಕೆ ಬಂದಾಗ ಮೆತ್ತಗಾಗುತ್ತದೆ. ಎರಡೂ ನಿಜ. ಒಂದನ್ನು ಮಾತ್ರ ಹೇಳಿದರೆ ಪರಿಚಯ ಅರ್ಧವಾಗುತ್ತದೆ.

ಹಾಗಾದರೆ ಖಾಸಗಿ ಆದರೆ ಎಲ್ಲ ಸರಿಯೇ? ಇಲ್ಲ. ಹಂಗರಿಯಲ್ಲಿ ನೇಪ್‌ಸಬಾಡ್‌ಷಾಗ್ ಅನ್ನುವ ಪತ್ರಿಕೆ ಇತ್ತು, ಅಲ್ಲಿನ ದೊಡ್ಡ ವಿರೋಧದ ದನಿ. 2016ರ ಅಕ್ಟೋಬರ್ 8ರಂದು ಮಾಲೀಕರು ಅದನ್ನು ದಿಢೀರನೆ ನಿಲ್ಲಿಸಿದರು. ನಷ್ಟ ಅಂತ ಕಾರಣ ಕೊಟ್ಟರು. ಎರಡೇ ವರ್ಷದಲ್ಲಿ, 2018ರಲ್ಲಿ, ಸರ್ಕಾರಕ್ಕೆ ಹತ್ತಿರದ ಮಾಲೀಕರು ತಮ್ಮ 400ಕ್ಕೂ ಜಾಸ್ತಿ ಪತ್ರಿಕೆ, ಚಾನೆಲ್, ವೆಬ್‌ಸೈಟುಗಳನ್ನು ಒಂದೇ ಪ್ರತಿಷ್ಠಾನಕ್ಕೆ ಬಿಟ್ಟುಕೊಟ್ಟರು. ಒಂದೊಂದರ ಪರಿಚಯವನ್ನೂ ಬೇರೆ ಬೇರೆಯಾಗಿ ಬರೆದರೆ 400 ಖಾಸಗಿ ಸಂಸ್ಥೆಗಳು ಕಾಣುತ್ತವೆ. ಮಾಲೀಕರ ಹೆಸರು ಬರೆದರೆ ಒಂದೇ ಕಾಣುತ್ತದೆ. ಫಿಲಿಪೈನ್ಸ್‌ನ ದೊಡ್ಡ ಖಾಸಗಿ ಚಾನೆಲ್ ಎಬಿಎಸ್-ಸಿಬಿಎನ್ ಕೂಡ ಪರವಾನಗಿ ನವೀಕರಣ ಆಗದೆ 2020ರ ಮೇ ತಿಂಗಳಲ್ಲಿ ಪ್ರಸಾರ ನಿಲ್ಲಿಸಬೇಕಾಯಿತು.

ನನಗೆ ಮತ್ತೆ ಮತ್ತೆ ಓದಬೇಕು ಅನಿಸುವುದು ಮಾಲೀಕರೇ ಬೇರೆ ತರಹದವರಾಗಿರುವ ಪತ್ರಿಕೆಗಳ ಕಥೆ. ಜರ್ಮನಿಯ ಡೆರ್ ಸ್ಪೀಗಲ್ 1962ರಲ್ಲಿ ಸೇನೆಯ ಸಿದ್ಧತೆ ಸಾಲದು ಅಂತ ಬರೆದಾಗ ಪೊಲೀಸರು ಕಚೇರಿಗೆ ನುಗ್ಗಿ ವಾರಗಟ್ಟಲೆ ಅಲ್ಲೇ ಕೂತರು. ಪ್ರಕಾಶಕ ರುಡಾಲ್ಫ್ ಆಗ್‌ಸ್ಟೈನ್ 103 ದಿನ ಜೈಲಿನಲ್ಲಿದ್ದರು. ಅದೇ ಕಟ್ಟಡದಲ್ಲಿದ್ದ ಬೇರೆ ಪತ್ರಿಕೆಗಳು, ಪೈಪೋಟಿಯವರು ಅಂತ ನೋಡದೆ, ಸ್ಪೀಗಲ್ ಹುಡುಗರಿಗೆ ತಮ್ಮ ಮೇಜು ಕುರ್ಚಿ ಬಿಟ್ಟುಕೊಟ್ಟರು. ಜನ ಬೀದಿಗೆ ಇಳಿದರು. ಕೊನೆಗೆ ಹುದ್ದೆ ಕಳೆದುಕೊಂಡಿದ್ದು ರಕ್ಷಣಾ ಮಂತ್ರಿ ಫ್ರಾನ್ಸ್ ಯೋಸೆಫ್ ಸ್ಟ್ರೌಸ್. ಅದೇ ಆಗ್‌ಸ್ಟೈನ್ 1974ರಲ್ಲಿ ಕಂಪನಿಯ ಅರ್ಧ ಪಾಲನ್ನು ಸಿಬ್ಬಂದಿಗೆ ಕೊಟ್ಟರು. ಈಗ ಸಿಬ್ಬಂದಿಯ ಪಾಲು 50.5 ಶೇಕಡ.

ದಕ್ಷಿಣ ಕೊರಿಯಾದ ಹಾಂಕ್ಯೊರೆ ಇನ್ನೂ ದೊಡ್ಡ ಕಥೆ. ಪತ್ರಿಕಾ ಸ್ವಾತಂತ್ರ್ಯ ಬೇಕು ಅಂತ ಕೇಳಿದ್ದಕ್ಕೆ 1970ರ ದಶಕದಲ್ಲಿ ಅಲ್ಲಿನ ದೊಡ್ಡ ಪತ್ರಿಕೆಗಳಿಂದ ಕೆಲಸ ಕಳೆದುಕೊಂಡ ಪತ್ರಕರ್ತರು ಇದ್ದರು. ಮಿಲಿಟರಿ ಆಡಳಿತದ ಹಿಡಿತ ಸಡಿಲವಾದ ಕೂಡಲೇ ಅವರೆಲ್ಲ ಸೇರಿ ನಮ್ಮದೇ ಪತ್ರಿಕೆ ಮಾಡೋಣ ಅಂದರು. ದುಡ್ಡಿಗಾಗಿ ಯಾವ ಸಾಹುಕಾರರ ಬಾಗಿಲಿಗೂ ಹೋಗಲಿಲ್ಲ. ಜನರನ್ನೇ ಕೇಳಿದರು. ಸುಮಾರು 27 ಸಾವಿರ ಸಾಮಾನ್ಯ ಜನ ಷೇರು ಕೊಂಡರು. 1988ರ ಮೇ 15ರಂದು ಮೊದಲ ಸಂಚಿಕೆ ಬಂತು. ಆಗಿನ ಬೇರೆ ದಿನಪತ್ರಿಕೆಗಳೆಲ್ಲ ಚೀನೀ ಅಕ್ಷರ ಬೆರೆಸಿ ಮೇಲಿಂದ ಕೆಳಗೆ ಅಚ್ಚು ಹಾಕುತ್ತಿದ್ದರೆ ಇವರು ಪೂರ್ತಿ ಕೊರಿಯನ್ ಲಿಪಿಯಲ್ಲಿ, ಎಡದಿಂದ ಬಲಕ್ಕೆ ಹಾಕಿದರು. ಜಾಸ್ತಿ ಓದದವರಿಗೂ ಪತ್ರಿಕೆ ಓದಲು ಬರಬೇಕು ಅಂತ. ಕನ್ನಡ ಪತ್ರಿಕೆ ಓದುವ ನನಗೆ ಈ ಮಾತು ಎಷ್ಟು ಹತ್ತಿರ ಅನಿಸಿತು ಅಂತ ಹೇಳಲಾರೆ.

ಇನ್ನೊಂದು ಮಾತು. ಪರಿಚಯದ ಕೆಳಗೆ ಇದು ಯಾವ ತಿಂಗಳಿಗೆ ಸರಿ ಅಂತ ಹಾಕಿ. ಗ್ರೀಸ್‌ನ ಸಾರ್ವಜನಿಕ ಪ್ರಸಾರ ಸಂಸ್ಥೆ ಇಆರ್‌ಟಿಯನ್ನು 2013ರ ಜೂನ್ 11ರ ಸಂಜೆ ಮುಚ್ಚುತ್ತೇವೆ ಅಂದ ಸರ್ಕಾರ ಅದೇ ರಾತ್ರಿ ಪರದೆ ಕಪ್ಪು ಮಾಡಿತು. 2,600ಕ್ಕೂ ಹೆಚ್ಚು ಜನರ ಕೆಲಸ ಹೋಯಿತು. ಸಿಬ್ಬಂದಿ ಕಚೇರಿ ಬಿಡದೆ ಇಂಟರ್‌ನೆಟ್‌ನಲ್ಲೇ ಪ್ರಸಾರ ಮುಂದುವರಿಸಿದರು, 2015ರಲ್ಲಿ ಸಂಸ್ಥೆ ಮತ್ತೆ ತೆರೆಯಿತು. ರಷ್ಯಾದ ನೊವಾಯಾ ಗಜೆಟಾದ ಸಂಪಾದಕ ಡಿಮಿಟ್ರಿ ಮುರಟೊವ್ 2021ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಪಡೆದರು. ಮರುವರ್ಷ ಮಾರ್ಚ್‌ನಲ್ಲಿ ಪತ್ರಿಕೆ ನಿಂತಿತು, ಸೆಪ್ಟೆಂಬರ್‌ನಲ್ಲಿ ಅದರ ಪರವಾನಗಿಯೇ ರದ್ದಾಯಿತು. ದೇಶ ಬಿಟ್ಟ ಅದರ ಪತ್ರಕರ್ತರು ಈಗ ಲಾಟ್ವಿಯಾದ ರಿಗಾದಿಂದ ಬೇರೆಯೇ ಸಂಸ್ಥೆ ನಡೆಸುತ್ತಾರೆ. ಹಳೆಯ ಪರಿಚಯವನ್ನೇ ಸುಮ್ನೆ ಮರುಮುದ್ರಣ ಮಾಡಿದರೆ ಇಲ್ಲದ ಪತ್ರಿಕೆಯನ್ನು ಇದೆ ಅಂದಂತಾಗುತ್ತದೆ.

ಸಣ್ಣ ಸಣ್ಣ ಸಂಗತಿಗಳನ್ನೂ ಬಿಡಬೇಡಿ. ಐಸ್‌ಲ್ಯಾಂಡಿನ ರಾಷ್ಟ್ರೀಯ ಟಿವಿಗೆ 1987ರವರೆಗೆ ಗುರುವಾರ ರಜೆ ಇತ್ತು, ಆ ದಿನ ಪ್ರಸಾರವೇ ಇರಲಿಲ್ಲ. ಒಂದು ದೇಶ ತನ್ನ ಟಿವಿಯನ್ನು ಹೇಗೆ ನೋಡುತ್ತಿತ್ತು ಅಂತ ಆ ಒಂದು ಸಾಲಿನಲ್ಲೇ ತಿಳಿಯುತ್ತದೆ, ಅದಕ್ಕೆ ಜಾಗವೂ ಜಾಸ್ತಿ ಬೇಕಿಲ್ಲ.

ದಿನದ ಸುದ್ದಿಯಲ್ಲಂತೂ ಇಷ್ಟೆಲ್ಲ ಬರೆಯಲು ಆಗುವುದಿಲ್ಲ, ಗೊತ್ತು. ‘ಕತಾರ್ ಸರ್ಕಾರದ ಹಣದಿಂದ ನಡೆಯುವ ಅಲ್ ಜಜೀರಾ’, ‘ಚೀನಾ ಸರ್ಕಾರದ ಸುದ್ದಿಸಂಸ್ಥೆ ಕ್ಸಿನ್ಹುವಾ’ ಅಂತ ಬರೆದರೆ ಎರಡು ಮೂರು ಪದ ಜಾಸ್ತಿ ಆಗುತ್ತದೆ, ಅಷ್ಟೇ. ಮತ್ತೆ ‘ಏಜೆನ್ಸೀಸ್’ ಅನ್ನುವುದನ್ನು ದಯವಿಟ್ಟು ಬಿಟ್ಟುಬಿಡಿ, ಯಾವ ಏಜೆನ್ಸಿ ಅಂತ ಹೆಸರು ಹಾಕಿ. ಸರಣಿಯಲ್ಲಿ ಹಾಂಕ್ಯೊರೆಗೆ ಒಂದು ಪೂರ್ತಿ ಪುಟ ಕೊಡಿ. ಅದಾದ ಮೇಲೆ ನಿಮ್ಮ ಪತ್ರಿಕೆಯ ಪರಿಚಯವನ್ನೂ ಅದೇ ಜಾಗದಲ್ಲಿ, ಅದೇ ಪ್ರಶ್ನೆಗಳನ್ನು ಕೇಳಿಕೊಂಡು ಹಾಕಿ. ಅದನ್ನೂ ಕತ್ತರಿಸಿ ಇವುಗಳ ಜೊತೆಯಲ್ಲೇ ಇಟ್ಟುಕೊಳ್ಳುತ್ತೇನೆ.

ಇಂತಿ,
ನಿಮ್ಮ ಕಾಯಂ ಓದುಗ